ಬಲೆಯಲ್ಲಿ ವಿಷವಿರಲಿಲ್ಲ

"ಕೊಡಲಿ ಹಿಡಿಯೋ ಮನೇಲಿ ಬಿ.ಎಸ್ಸಿ.ನಾ? ಆಗೋ ಮಾತಾಡು ಮಾರಾಯ" ಎಂದು ಅಪ್ಪನನ್ನು ಗೇಲಿ ಮಾಡುತ್ತಿದ್ದವರು ನನ್ನ ಸೋದರಮಾವ. ನಮ್ಮ ವಂಶದಲ್ಲೇ ಮೊದಲಿಗನಾಗಿ ನಾನು ಪಾಸಾದೆ. ಅದೇ ತಿಂಗಳು ಭದ್ರಾವತಿಯ ನಮ್ಮ ಹಿತ್ತಲಲ್ಲಿ ಸೌದೆ ಒಡೆಯುವಾಗ ಅಪ್ಪನ ಪಾದಕ್ಕೆ ಕೊಡಲಿ ತಗುಲಿತು. ರಕ್ತ ನಿಲ್ಲಿಸಲು ಅವ್ವ ವಾಡಿಕೆಯಂತೆ ಕೊಟ್ಟಿಗೆಯ ಮೂಲೆಯಿಂದ ಜೇಡರ ಬಲೆ ಬಳಿದು ತಂದಳು. ಜೇಡ ವಿಷವೆಂದು ಅಪ್ಪ ಕಾಲು ಹಿಂದಕ್ಕೆಳೆದುಕೊಂಡರು. ಅಲ್ಲೇ ಇದ್ದ ಮಾವ ಮೊದಲ ಸಲ ನನ್ನ ಕಡೆ ತಿರುಗಿ, "ನೀನೇ ಹೇಳಪ್ಪಾ, ಓದಿದೋನು" ಎಂದರು.

ನಾನು ಎದೆಯುಬ್ಬಿಸಿ ಹೇಳಿದೆ: "ಮನೆ ಜೇಡ ಕಚ್ಚಿದ್ರೂ ಮನುಷ್ಯ ಸಾಯಲ್ಲ. ಬಲೇಲಂತೂ ವಿಷವೇ ಇಲ್ಲ. ಕಟ್ಟವ್ವಾ." ಅಪ್ಪ ಕಾಲು ಚಾಚಿದರು.

ಎಂಟನೆಯ ದಿನ ಅವರ ದವಡೆ ಕಚ್ಚಿಕೊಂಡಿತು. ರೈಲಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದೆವು. ಇದು ಧನುರ್ವಾಯು, ಬಲೆಗೆ ಅಂಟಿದ್ದ ಕೊಟ್ಟಿಗೆಯ ಧೂಳಿನಿಂದ ಬಂದಿರಬೇಕು ಎಂದರು ಡಾಕ್ಟರು. ಮೂರು ದಿನಕ್ಕೆ ಅಪ್ಪ ಹೋದರು. ಜೇಡದ ವಿಷಯದಲ್ಲಿ ನಾನು ಹೇಳಿದ್ದು ಇಂದಿಗೂ ಸರಿಯೇ. ಧೂಳಿನ ಮಾತು ಮಾತ್ರ ನನಗೆ ಹೊಳೆಯಲೇ ಇಲ್ಲ.

ಡಿಗ್ರಿಯ ಸರ್ಟಿಫಿಕೇಟು ಬಂದಾಗ ಅವ್ವನ ಕೈಗಿತ್ತೆ. ಅವಳು ಅದನ್ನು ತಿರುಗಿಸಿ ನೋಡಿ ಹೇಳಿದಳು: "ನೀನು ಓದಿದೋನು ಅಂತ ತಾನೇ ಅವರು ಕಾಲು ಚಾಚಿದ್ದು."