ಆಯಿಯ ಕನ್ನಡಿಯ ಸ್ಕ್ರೂಗಳು

ತುಕ್ಕು ಹಿಡಿದ ಹಳೆಯ ಸ್ಕ್ರೂ ತಿರುಗಿಸಿದ ಮೇಲೆ ಬೆರಳಿಗೊಂದು ವಾಸನೆ ಅಂಟಿಕೊಳ್ಳುತ್ತದೆ. ಕಬ್ಬಿಣದ್ದು, ಸಾಗವಾನಿ ಕಟ್ಟಿಗೆಯ ಒಣ ಪುಡಿಯದ್ದು, ಸ್ವಲ್ಪ ನಮ್ಮದೇ ಬೆವರಿನದ್ದು. ಸಾಬೂನು ಹಚ್ಚಿ ತೊಳೆದು ಬಂದು ಕೂತರೂ ರೊಟ್ಟಿ ಮುರಿಯುವಾಗ ಮತ್ತೆ ಮೂಗಿಗೆ ಬರುತ್ತದೆ. ಮೊನ್ನೆ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಬಚ್ಚಲಮನೆ ಬಾಗಿಲಿನ ಸಡಿಲಾದ ಚಿಲಕ ಬಿಗಿಮಾಡಿ ಊಟಕ್ಕೆ ಕೂತಾಗ ಆ ವಾಸನೆ ಬಂತು. ಚಿಲಕ ಕೆಟ್ಟು ಒಳಗೇ ಸಿಕ್ಕಿಕೊಂಡೇನು ಎಂಬುದು ನನ್ನ ಈ ವರ್ಷದ ಚಿಂತೆ. ಹೋದ ವರ್ಷದ್ದು ಬೇರೆ ಇತ್ತು. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ನಾನು ನಮ್ಮೂರು ಗುಂಜಿಯ ಹಳೆಯ ಮನೆಯಲ್ಲಿದ್ದೆ.

ಈಗ ನೀವು ಗುಂಜಿಗೆ ಹೋದರೆ ಆ ಮನೆ ಸಿಗುವುದಿಲ್ಲ. ರೈಲು ಸ್ಟೇಷನ್ನಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಬೆನ್ನಿಗೆ ಅಡವಿ, ಮುಂದೆ ಸಗಣಿ ಸಾರಿಸಿದ ಅಂಗಳ. ಅಪ್ಪನಿಗೆ ಬೆಳಗಾವಿಯಲ್ಲಿ ನೌಕರಿ ಸಿಗುವವರೆಗೆ ನಾವೆಲ್ಲ ಅಲ್ಲಿ ಒಂದೇ ಒಲೆಯ ಅಡುಗೆ ಉಂಡವರು. ಮನೆಯ ಯಜಮಾನಿಕೆ ಆಯಿಯದು, ಅಂದರೆ ನನ್ನ ಅಜ್ಜಿಯದು. ಅವಳ ಕೈಕೆಳಗೆ ಅಪ್ಪ, ಅಪ್ಪನ ತಮ್ಮನಾದ ಕಾಕಾ, ಕಾಕಾನ ಮಗಳು ನೀಲಕ್ಕ, ಎಲ್ಲರೂ ಸಮಾನ ಪ್ರಜೆಗಳು. ಸರಕು ತುಂಬಿದ ರೈಲು ಹೋದರೆ ಮಣ್ಣಿನ ಗೋಡೆ ಸಣ್ಣಗೆ ನಡುಗುತ್ತಿತ್ತು, ಹಲಗೆಯ ಮೇಲಿನ ಹಿತ್ತಾಳೆ ಗಂಗಾಳಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ಯಾರನ್ನಾದರೂ ಬೈಯುತ್ತಿದ್ದ ಆಯಿ ಅರ್ಧ ಮಾತಿಗೇ ನಿಲ್ಲಿಸುತ್ತಿದ್ದಳು. ಕೊನೆಯ ಡಬ್ಬಿ ದಾಟಿ ಅಡವಿ ಮತ್ತೆ ಸುಮ್ಮನಾದ ಮೇಲೆ, ಬಿಟ್ಟ ಶಬ್ದದಿಂದಲೇ ಬೈಗುಳ ಮುಂದುವರಿಯುತ್ತಿತ್ತು. ಬೈಸಿಕೊಳ್ಳುವವರು ಕದಲುವಂತಿರಲಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು, ರೈಲಿನದಲ್ಲದಿದ್ದರೆ ಬೇರೆ ಯಾವುದೋ ಸದ್ದಿನದು.

ನಡುಮನೆಯ ಗೋಡೆಗೆ ಆಯಿಯ ಕನ್ನಡಿ ಇತ್ತು. ಅವಳು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಸುತ್ತ ಸಾಗವಾನಿ ಚೌಕಟ್ಟು, ಮೂಲೆಯಲ್ಲಿ ಪಾದರಸ ಹೋಗಿ ನಕಾಶೆಯ ಹಾಗೆ ಕಾಣುವ ಕಪ್ಪು ಕಲೆ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೆರಗು ಹೆಗಲ ಮೇಲಿಟ್ಟುಕೊಂಡು, ಅವಳು ಅದರ ಮುಂದೆ ನಿಂತು ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ. ಮೊದಲು ಕನ್ನಡಿ ಮೊಳೆಗೆ ತೂಗುಬಿದ್ದಿತ್ತು. ಪ್ರತಿ ರೈಲಿಗೂ ಓರೆಯಾಗುತ್ತಿತ್ತು. ಒಂದು ದಿನ ಕಳಚಿ, ಪುಣ್ಯಕ್ಕೆ ಕೆಳಗೆ ಸುತ್ತಿಟ್ಟಿದ್ದ ಹಾಸಿಗೆಯ ಮೇಲೆ ಬಿತ್ತು. ಕಾಕಾ ಬೆಳಗಾವಿಗೆ ಹೋಗಿ ಬೆರಳುದ್ದದ ಸ್ಕ್ರೂಗಳನ್ನೂ ಕಟ್ಟಿಗೆ ಹಿಡಿಯ ಒಂದು ಸ್ಕ್ರೂಡ್ರೈವರನ್ನೂ ತಂದ. ಗೋಡೆಯಲ್ಲಿ ಕಟ್ಟಿಗೆಯ ಬೆಣೆ ಹೂಳಿ, ಚೌಕಟ್ಟಿನ ನಾಲ್ಕೂ ಮೂಲೆಗೆ ಬಿಗಿಯತೊಡಗಿದ.

"ಒಂದ ಕನ್ನಡಿಗೆ ಇಷ್ಟುದ್ದದ್ದು ಯಾಕೋ? ಸಣ್ಣೂವು ಸಸ್ತಾ ಸಿಗತಿದ್ದಿಲ್ಲೇನು?" ಎಂದಳು ಆಯಿ.

"ಸಸ್ತಾ ತಂದ್ರ ಎರಡ ಸಲ ತರಬೇಕವಾ. ರೈಲ್ ನಿಂದರಸೂದಂತೂ ನನ್ನ ಕೈಲೆ ಆಗೂದಿಲ್ಲ, ಕನ್ನಡಿನರ ನಿಂದರಸತೀನಿ."

ನಿಲ್ಲಿಸಿದ. ಆಯಿ ಹೋದಳು, ಎಷ್ಟೋ ವರ್ಷದ ಮೇಲೆ ಕಾಕಾನೂ ಹೋದ, ಕನ್ನಡಿ ಅಲುಗಲಿಲ್ಲ. ಈಚೆಗೆ ಮನೆ ಮಾರಾಟವಾಯಿತು. ಕೊಂಡವರು ಒಳ್ಳೆಯ ಮಂದಿ; ಕೆಡವಿ ಹೊಸದು ಕಟ್ಟುತ್ತೇವೆ, ಯುಗಾದಿಯೊಳಗೆ ನಿಮಗೆ ಬೇಕಾದ್ದು ಒಯ್ಯಿರಿ ಎಂದರು. ನೀಲಕ್ಕ ಈಗ ಬೆಳಗಾವಿ ಬಳಿಯ ಪೀರನವಾಡಿಯಲ್ಲಿ ಸೊಸೆ ಮೊಮ್ಮಕ್ಕಳೊಂದಿಗೆ ಇರುತ್ತಾಳೆ. ಗಂಗಾಳ, ಬೀಸುವ ಕಲ್ಲು, ಒಳ್ಳೆಯ ತೊಲೆ ಯಾವುದೂ ತನಗೆ ಬೇಡವೆಂದಳು. "ಆಯಿ ಕನ್ನಡಿ ಒಂದ ಬೇಕು ನೋಡು ತಮ್ಮಾ. ಒಡೀದಂಗ ತಂದ ಕೊಡು." ಹಾರೆ ಹಾಕಿ ಮೀಟುವಂತಿರಲಿಲ್ಲ, ಮಣ್ಣಿನ ಗೋಡೆ ಕಿತ್ತು ಬಂದರೆ ಕನ್ನಡಿಯೂ ಹೋಗುತ್ತಿತ್ತು. ಸ್ಕ್ರೂಗಳನ್ನೇ ತಿರುಗಿಸಿ ತೆಗೆಯಬೇಕು. ಅದಕ್ಕೆ ಅವಳು ಆರಿಸಿಕೊಂಡದ್ದು ನನ್ನನ್ನು. ಇದನ್ನು ಕೇಳಿ ನನ್ನ ಹೆಂಡತಿ ನಕ್ಕ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಆದರೆ ನನ್ನಲ್ಲಿ ಸಾಮಾನು ಇತ್ತು. ಬೆಳಗಾವಿಯ ಬಜಾರಿನಲ್ಲಿ ಕೈಗಾಡಿಯವನೊಬ್ಬನಿಂದ ಕೊಂಡ ಕೆಂಪು ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಒಂದು ಹಿಡಿ, ಅದರ ಮೂತಿಗೆ ಸಿಕ್ಕಿಸುವ ತರತರದ ತುದಿಗಳು, ಅಂದರೆ ಬಿಟ್ಟುಗಳು. ಚಪ್ಪಟೆ, ನಕ್ಷತ್ರ, ಆರು ಮೂಲೆಯವು, ಯಾವ ಲೋಕದ ಸ್ಕ್ರೂಗೆ ಹೊಂದುತ್ತವೋ ತಿಳಿಯದಂಥವು. ಅಗ್ಗದ್ದನ್ನು ಕೊಂಡಾಗ ಒಂದು ಸಂತೋಷ ಆಗುತ್ತದಲ್ಲ, ಜಗತ್ತಿಗೆ ಟೋಪಿ ಹಾಕಿದ ಸಂತೋಷ, ಅದು ನನಗೆ ಒಂದು ವಾರ ಇತ್ತು. ಆ ಪೆಟ್ಟಿಗೆ ಹಿಡಿದು ನೀಲಕ್ಕನೊಂದಿಗೆ ಗುಂಜಿಗೆ ಹೋದೆ. ದಾರಿಯುದ್ದಕ್ಕೂ ಕನ್ನಡಿ ಒಡೆದಂತೆ, ಗೋಡೆ ಬಿದ್ದಂತೆ, ಚೌಕಟ್ಟಿನ ಹಿಂದಿನಿಂದ ಹಾವು ಬಂದಂತೆ ಸಾಲಾಗಿ ಚಿಂತೆ ಮಾಡಿದೆ. ಬಿಟ್ಟಿನ ಬಗ್ಗೆ ಮಾತ್ರ ಚಿಂತೆ ಮಾಡಲಿಲ್ಲ. ಮೊದಲ ಸ್ಕ್ರೂಗೆ ಒತ್ತಿ ತಿರುಗಿಸಿದೆ, ತಿರುಗಿತು. ಸಂತೋಷದಿಂದ ನೋಡಿದರೆ ತಿರುಗಿದ್ದು ಸ್ಕ್ರೂ ಅಲ್ಲ, ಬಿಟ್ಟಿನ ತುದಿ. ಇನ್ನೊಂದು ಹಾಕಿದೆ, ಅದು ಜಾರಿ ಸ್ಕ್ರೂ ತಲೆಯ ಸೀಳಿನ ಒಂದು ಅಂಚನ್ನು ಕೆತ್ತಿಕೊಂಡು ಹೋಯಿತು. ಆಮೇಲೆ ನನಗೂ ಹಟ ಬಂತು. ಚೌಕಟ್ಟು ಕಿರ್ ಎಂದಿತು.

ನೀಲಕ್ಕ ನನ್ನ ಕೈ ಹಿಡಿದಳು. "ಸಾಕ ಮಾಡೋ ಮಾರಾಯಾ! ಆ ಸ್ಕ್ರೂ ತಲಿ ಹೋತಂದ್ರ ಕನ್ನಡಿ ಇಲ್ಲೇ ಉಳೀತೈತಿ. ಒಡೀಸಿಕೊಂಡ ಹೋಗೂದಕಿಂತ ಇಲ್ಲೇ ಬಿಟ್ಟ ಹೋಗೂಣು."

ಅವಳು ಹೇಳಿದ್ದು ಖರೇ. ಸೀಳಿನ ಅಂಚು ಪೂರ್ತಿ ಕೆತ್ತಿಹೋದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಮರುದಿನ ಬೆಳಗಾವಿಯ ಒಂದು ಹಳೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಿರುಚಿಹೋದ ಬಿಟ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟೆ. ಅಂಗಡಿಯವನು ಎತ್ತಿ ಬೆಳಕಿಗೆ ಹಿಡಿದ. "ಏನ್ರಿ ಸಾಹೇಬ್ರ, ಇದನ್ನ ಚಕ್ಲಿ ಮಾಡೂ ಒರಳಾಗ ಹಾಕಿದ್ರೇನು?" ಪಕ್ಕದಲ್ಲಿ ಪೈಪು ಕೊಳ್ಳುತ್ತಿದ್ದ ಮುದುಕರೊಬ್ಬರು ಮುಖ ಆಚೆ ತಿರುಗಿಸಿ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡುವುದು. ಒಂದೇ ಒಂದು ಚಪ್ಪಟೆ ಬಿಟ್ಟನ್ನು ತೋರಿಸಿದ. ಹೊಳಪಿಲ್ಲ, ಪೆಟ್ಟಿಗೆಯಿಲ್ಲ, ಅಂಗೈಗೆ ಮಾತ್ರ ಭಾರ. ನನ್ನ ಇಡೀ ಕೆಂಪು ಪೆಟ್ಟಿಗೆಗಿಂತ ದುಬಾರಿ. ಇದೂ ಜಾರಿದರೆ ಎಂದು ಕೇಳಿದೆ. "ಬಿಟ್ ಜಾರೂದಿಲ್ರಿ. ನಿಮ್ಮ ಕೈ ಜಾರಿದ್ರ ಅದಕ್ಕ ನನ್ನ ಕಡೆ ಮಾಲ್ ಇಲ್ಲ."

ಮುಂದಿನ ಭಾನುವಾರ ಹೋದೆವು. ಮನೆ ಆಗಲೇ ಖಾಲಿ. ನಮ್ಮ ಮಾತು ಗೋಡೆಗೆ ತಾಗಿ ಅಪರಿಚಿತರ ಮಾತಿನ ಹಾಗೆ ತಿರುಗಿ ಬರುತ್ತಿತ್ತು. ಹೊಸ ಬಿಟ್ಟನ್ನು ಸ್ಕ್ರೂ ತಲೆಯ ಸೀಳಿನಲ್ಲಿ ಇಟ್ಟೆ. ಅದೂ ಕೂರಲಿಲ್ಲ! ತುದಿ ಒಳಗೆ ಇಳಿಯುವ ಮೊದಲೇ ಏನೋ ತಡೆಯುತ್ತಿತ್ತು. ದುಬಾರಿ ಬಿಟ್ಟನ್ನೂ ಅಂಗಡಿಯವನನ್ನೂ ಒಟ್ಟಿಗೇ ಶಪಿಸುವಷ್ಟರಲ್ಲಿ ತುದಿಯಲ್ಲಿ ಬಿಳಿಯ ಪುಡಿ ಕಂಡಿತು. ಸುಣ್ಣವೆಂದುಕೊಂಡೆ. ನೀಲಕ್ಕ ಬೆರಳಿಗೆ ಹಚ್ಚಿ ನೋಡಿದಳು, ಮೂಸಿದಳು. ಅವಳ ಮುಖ ಬದಲಾಯಿತು. "ಇಭೂತಿ ಐತಲ್ಲೋ ಇದು."

ಖಂಡೇಪೂಜೆಯ ದಿನ, ಅಂದರೆ ದಸರೆಯ ಆಯುಧಪೂಜೆಯಂದು, ಮನೆಯ ಕಬ್ಬಿಣಕ್ಕೆಲ್ಲ ಪೂಜೆಯಾಗಬೇಕು ಎಂಬುದು ನಿಮಗೂ ಗೊತ್ತು. ಕೊಡಲಿ, ಕುಡಗೋಲು, ಈಳಿಗೆ, ಕಾಕಾನ ಸೈಕಲ್ಲು. ನಮ್ಮ ಆಯಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ವಿಭೂತಿ ಕಲಸಿದ ಬಟ್ಟಲು ಹಿಡಿದು ಮನೆಯೆಲ್ಲ ತಿರುಗಿ, ಬಾಗಿಲಿನ ಮೊಳೆ, ಕಿಟಕಿಯ ಸಲಾಕೆ, ಕನ್ನಡಿಯ ಸ್ಕ್ರೂಗಳಿಗೆಲ್ಲ ಹಚ್ಚುತ್ತಿದ್ದಳು. "ಎಲ್ಲಾಕ್ಕೂ ದೀಕ್ಷಾ ಕೊಟ್ಟಬಿಡವಾ, ಸ್ಕ್ರೂಕ್ಕೂ ಕೊಡು" ಎಂದು ಕಾಕಾ ರೇಗಿಸಿದರೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ಕೊಡಲಿ ಕೆಲಸಾ ಮಾಡಿ ಮೂಲ್ಯಾಗ ಕುಂದರತೈತಿ. ಇವು ಹಗಲೂ ರಾತ್ರಿ ಹಿಡಕೊಂಡ ನಿಂತಾವು. ನಿನ್ನ ಕೈಲೆ ಆಗತೈತೇನು?" ಆಯಿ ಹೋದ ಮೇಲೆ ಆ ಬಟ್ಟಲನ್ನು ಕಾಕಾನೇ ಹಿಡಿದನಂತೆ, ನಗುತ್ತಿರಲಿಲ್ಲವಂತೆ. ಹೀಗೆ ದಸರೆಯ ಮೇಲೆ ದಸರೆ ಸ್ಕ್ರೂಗಳ ಸೀಳಿನೊಳಗೆ ವಿಭೂತಿ ಕೂತು, ಒಣಗಿ, ಕಲ್ಲಾಗಿತ್ತು. ಅಗ್ಗದ ಬಿಟ್ಟು ಮೆತ್ತಗಿತ್ತು, ಅದು ಸುಳ್ಳಲ್ಲ. ಆದರೆ ನಾನು ಕಬ್ಬಿಣದ ಜೊತೆ ಅಲ್ಲ, ಆಯಿಯ ಜೊತೆ ಗುದ್ದಾಡಿದ್ದೆ. ಅವಳ ಎದುರು ಆ ಮನೆಯಲ್ಲಿ ಯಾರು ಗೆದ್ದಿದ್ದರು?

ನೀಲಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ನೀರು ಹನಿಸಿ, ಮಗುವಿನ ಕಿವಿ ಸ್ವಚ್ಛ ಮಾಡುವಷ್ಟು ಮೆಲ್ಲಗೆ ಕೆದರಿದಳು. ಬಿಳಿ ಪದರ, ನಡುವೆ ಕುಂಕುಮದ ಕೆಂಪು ಎಳೆ, ಮತ್ತೆ ಬಿಳಿ. ಉದುರಿದ್ದನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಆಮೇಲೆ ಬಿಟ್ಟನ್ನು ಇಟ್ಟೆ; ತಳದವರೆಗೆ ಇಳಿದು ಕೂತಿತು. ಮೈಭಾರ ಹಾಕಿ ತಿರುಗಿಸಿದೆ. ಸ್ಕ್ರೂ ಒಮ್ಮೆ ಕೀಚ್ ಎಂದು ಕೂಗಿ ಸಡಿಲಾಯಿತು. ನಾನು ಕೆತ್ತಿ ಹಾಳುಮಾಡಿದ್ದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರಲ್ಲಿ ಉಳಿದಿದ್ದ ಅರ್ಧ ಅಂಚನ್ನು ಒಳ್ಳೆಯ ಬಿಟ್ಟು ಕಚ್ಚಿ ಹಿಡಿಯಿತು, ಬಿಡಲಿಲ್ಲ. ಕನ್ನಡಿ ನಮ್ಮಿಬ್ಬರ ಕೈಗೆ ಇಳಿಯಿತು. ಹಾವು ಬರಲಿಲ್ಲ. ಕೌದಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಾಜೂಕ್ಕೆ ನೀಲಕ್ಕನನ್ನು ಕೂರಿಸಿ, ಎತ್ತಿನ ಗಾಡಿಯ ವೇಗದಲ್ಲಿ ಪೀರನವಾಡಿ ಮುಟ್ಟಿಸಿದೆ.

ಅದನ್ನು ಗೋಡೆಗೆ ಹಾಕಲು ಸಮಯ ಸಿಕ್ಕದ್ದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಗುಂಜಿಯಲ್ಲಿ ಮನೆ ನೆಲಸಮವಾಗಿತ್ತು. ನೀಲಕ್ಕನ ಕೋಣೆಯಲ್ಲಿ ಪೆನ್ಸಿಲ್ ಹಿಡಿದು ನಿಂತು, ಎಷ್ಟು ಎತ್ತರಕ್ಕೆ ಹಾಕಲಿ ಎಂದು ಕೇಳಿದೆ.

"ಅಲ್ಲಿ ಇದ್ದಷ್ಟ ಎತ್ತರಕ್ಕ ಹಾಕು. ಆಯಿನ ನಿಂದರಿಸಿ, ಹಣಿ ನೋಡಿ ಹಾಕಿದ್ದ ನಮ್ಮಪ್ಪ. ನೀ ಅಳತಿ ತಗೊಂಡಿಯಲ್ಲ?"

ತೆಗೆದುಕೊಂಡಿರಲಿಲ್ಲ. ಹಾವಿನವರೆಗೆ ಎಲ್ಲದರ ಚಿಂತೆ ಮಾಡಿದವನಿಗೆ ನೆಲದಿಂದ ಆ ಚೌಕಟ್ಟಿಗೆ ಒಂದು ಟೇಪು ಹಿಡಿಯಬೇಕೆಂದು ಹೊಳೆದಿರಲಿಲ್ಲ. ಈಗ ಅಳೆಯಲು ಗೋಡೆಯೂ ಇಲ್ಲ, ನೆಲವೂ ಇಲ್ಲ. ನೀಲಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ನಾನೇ ಕನ್ನಡಿ ಎತ್ತಿ ಗೋಡೆಗೆ ಹಿಡಿದೆ. "ಅಯ್ಯ, ಅಷ್ಟ ಎತ್ತರ ಎಲ್ಲಿದ್ಲೋ ಆಯಿ?" ಎಂದಳು. ನನಗೋ, ಆಯಿ ಅಂದರೆ ಕತ್ತೆತ್ತಿ ನೋಡಬೇಕಾದ ಮುಖ. ಬೆಳಗಾವಿಗೆ ಬಂದಾಗ ನಾನು ಅವಳ ಸೊಂಟದಷ್ಟಿದ್ದೆ. ನೀಲಕ್ಕ ಕೊನೆಯವರೆಗೂ ಅವಳ ಜೊತೆಗಿದ್ದವಳು. ಬೆನ್ನು ಬಾಗಿ, ಕೈ ಮೇಲೇಳದಷ್ಟು ಸೋತ ಮೇಲೆ ಆಯಿಯನ್ನು ದಿನಾ ಆ ಕನ್ನಡಿಯ ಮುಂದೆ ನಿಲ್ಲಿಸಿ, ಅವಳ ಹಣೆಗೆ ವಿಭೂತಿ ಎಳೆದವಳು.

ಅವಳು ಬಂದು ಗೋಡೆಯ ಎದುರು ನಿಂತಳು. ಕಣ್ಣು ಮುಚ್ಚಿ, ಎಡಗೈಯಿಂದ ಯಾರದೋ ಬೆನ್ನಿಗೆ ಆಸರೆ ಕೊಟ್ಟಂತೆ ಹಿಡಿದು, ಬಲಗೈಯ ಮೂರು ಬೆರಳನ್ನು ಗಾಳಿಯಲ್ಲಿ ಎಳೆದಳು. ಕೈ ತನ್ನಷ್ಟಕ್ಕೆ ಒಂದು ಕಡೆ ನಿಂತಿತು, ಅವಳ ಎದೆಯ ಮಟ್ಟದಲ್ಲಿ. "ಇಲ್ಲಿ ನೋಡು" ಎಂದಳು, ಕಣ್ಣು ತೆರೆಯದೆ.

ನನ್ನ ಆಯಿ ಅದಕ್ಕಿಂತ ಬಹಳ ಎತ್ತರವಿದ್ದಳು. ಆದರೂ ಪೆನ್ಸಿಲ್ಲಿನಿಂದ ಅಲ್ಲಿಯೇ ಗೆರೆ ಎಳೆದೆ, ಸ್ಕ್ರೂ ಬಿಗಿದೆ. ಮುಗಿಸಿ ಹಿಂದೆ ಸರಿದು ನೋಡಿದರೆ ಕನ್ನಡಿಯಲ್ಲಿ ನನ್ನ ಅಂಗಿಯ ಗುಂಡಿಗಳು ಕಂಡವು, ಮುಖ ಕಾಣಲಿಲ್ಲ. ಮೊಣಕಾಲು ಮಡಚಿ ಬಗ್ಗಿದೆ.