ಟೈರಿನ ಸಂದಿಗೆ ಸಿಕ್ಕಿಸಿದ ಹಳದಿ ಬಾವುಟ

ಸೆಲ್ವ, ಆ ದಿನ ನಾನು ಬಾವುಟ ಬೀಸಲಿಲ್ಲ.

ಬೀಸಿದೆ ಎಂದು ನಿನಗೆ ಹೇಳಿದೆ, ರೇಸ್ ನಡೆಸಿದವರಿಗೆ ಹೇಳಿದೆ, ಮನೆಯಲ್ಲಿ ಹೆಂಡತಿಗೂ ಹೇಳಿದೆ. ಹೇಳಿ ಹೇಳಿ — ಥೂ, ಕೆಲವು ಸಲ ನಿಜವಾಗಿಯೂ ಬೀಸಿದ ಹಾಗೆ ನನಗೇ ನೆನಪಾಗುತ್ತದೆ. ಆದರೆ ಬೀಸಲಿಲ್ಲ. ನವೀನನ ಕಾಲು ಮುರಿದದ್ದು ನಿನ್ನ ಬೈಕು ಬಡಿದೇ ಇರಬಹುದು. ತಪ್ಪು ನಿನ್ನದಲ್ಲ, ನನ್ನದು.

ರೇಸಿನ ಮಾರ್ಷಲ್ ಎಂದರೆ ನಮ್ಮ ಜನ ಏನೆಂದುಕೊಂಡಿದ್ದಾರೋ ನನಗಂತೂ ತಿಳಿಯದು. ಪುಕ್ಕಟೆ ಟೀ ಶರ್ಟು, ಕೊರಳಿಗೊಂದು ವಿಸಿಲ್, ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ, ಹಗ್ಗದ ಒಳಗೆ ನಿಂತು ರೇಸ್ ನೋಡುವ ಭಾಗ್ಯ — ಇಷ್ಟೇ. ಬಿದ್ದವನ ಬಳಿಗೆ ಯಾರು ಮೊದಲು ಓಡುತ್ತಾನೋ ಅವನೇ ದೊಡ್ಡ ಮಾರ್ಷಲ್, ಶಿಳ್ಳೆ ಚಪ್ಪಾಳೆಯೆಲ್ಲ ಅವನಿಗೇ. ತರಬೇತಿಯಲ್ಲಿ ಎಷ್ಟು ಸಲ ಬಡಕೊಂಡಿದ್ದೇನೆ! ಒಂದೊಂದು ತಿರುವಿಗೂ ಇಬ್ಬರಿರುತ್ತೀರಿ; ಒಬ್ಬ ಬಿದ್ದವನ ಹತ್ತಿರ ಹೋಗುವವನು, ಇನ್ನೊಬ್ಬ ಬಾವುಟದವನು. ಬಾವುಟದವನು ಕದಲಬಾರದು. ಬಿದ್ದವನು ಒಡಹುಟ್ಟಿದ ತಮ್ಮನಾದರೂ ಸರಿಯೇ, ಮುಂದೆ ಅಪಾಯವಿದೆ, ನಿಧಾನಿಸಿ ಎಂದು ಹಿಂದೆ ಬರುವವರಿಗೆ ಹಳದಿ ಬೀಸುತ್ತ ನಿಂತಿರಬೇಕು. ನಿಲ್ಲುವುದೇ ಅವನ ಕೆಲಸ. ಹೂಂ ಹೂಂ ಎಂದು ತಲೆಯಾಡಿಸುತ್ತಾರೆ, ಮೈದಾನಕ್ಕಿಳಿದರೆ ಮೊಬೈಲ್ ಹಿಡಿದು ಓಡುತ್ತಾರೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮತ್ತೆ — ಹೀಗೆ ಬೈಯುವ ನಾನು ಯಾರು? ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ನನ್ನದು.

ಆ ದಿಬ್ಬ ನಿನಗೆ ನೆನಪಿರಬೇಕು. ಸೋಗಾನೆ ಕಡೆಯ ಬಯಲಿನಲ್ಲಿ ಮಣ್ಣು ಪೇರಿಸಿ ಮಾಡಿದ ಟ್ರ್ಯಾಕು. ದಿಬ್ಬ ಹತ್ತಿ ಹಾರುವವರೆಗೆ ಆಚೆ ಬದಿಯಲ್ಲಿ ಏನಿದೆಯೆಂದು ಸವಾರನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಬಾವುಟದವನೇ ಅವನಿಗೆ ತಿಳಿಸಬೇಕು. ಆ ಬಾವುಟ ನನ್ನ ಕೈಯಲ್ಲಿತ್ತು. ನನ್ನ ಜೊತೆಗಾರ ನೀರು ತರುತ್ತೇನೆಂದು ಹೋದವನು ಅಲ್ಲೇ ಯಾರೊಂದಿಗೋ ಮಾತಿಗೆ ನಿಂತುಬಿಟ್ಟಿದ್ದ. ತಪ್ಪನ್ನು ಅವನ ಮೇಲೆ ಹಾಕುತ್ತಿಲ್ಲ — ಒಬ್ಬನೇ ಇದ್ದಾಗಲಂತೂ ಬಾವುಟ ಬಿಡಲೇಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯ ಸುತ್ತು. ನವೀನ ಮುಂದೆ, ನೀನು ಹಿಂದೆ. ಅವನು ನಮ್ಮ ಹೊಸಮನೆ ಬಡಾವಣೆಯವನು, ನಮ್ಮದೇ ಬೀದಿ, ನನ್ನ ಕಣ್ಣೆದುರಿಗೇ ಬೆಳೆದವನು. ನೀನು ಭದ್ರಾವತಿಯವನು. ಶಿವಮೊಗ್ಗದಲ್ಲಿ ರೇಸ್ ಇಟ್ಟು ಕಪ್ಪನ್ನು ಭದ್ರಾವತಿಗೆ ಕಳಿಸುವುದೇ ಎಂದು ಬೆಳಗಿನಿಂದ ಎಲ್ಲರೂ ಆಡಿಕೊಳ್ಳುತ್ತಿದ್ದರು, ನಾನೂ ನಕ್ಕಿದ್ದೆ. ನವೀನ ದಿಬ್ಬ ಹಾರಿ ಇಳಿಯುವಾಗ ಜಾರಿ ಬಿದ್ದ. ಏಳಲು ನೋಡಿದ, ಬೈಕು ಕಾಲಿನ ಮೇಲಿತ್ತು. ಹಗ್ಗದ ಆಚೆಯಿಂದ ಜನ ಕೂಗಿದರು:

"ಎತ್ರೀ ಗಾಡೀನಾ! ಏನ್ ನೋಡ್ತಾ ನಿಂತಿದೀರಿ ಮಾರಾಯ್ರೆ, ಎತ್ರೀ!"

ಬಾವುಟದ ಕೋಲನ್ನು ಪಕ್ಕದಲ್ಲಿ ಪೇರಿಸಿದ್ದ ಟೈರುಗಳ ಸಂದಿಗೆ ಸಿಕ್ಕಿಸಿ ಓಡಿದೆ.

ಅವನಿಗೆ ಪೆಟ್ಟಾಗಿದೆಯೇನೋ ಎಂದು ಓಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಬೇಗ ಎತ್ತಿದರೆ ಇನ್ನೂ ಗೆಲ್ಲುತ್ತಾನೆ ಎಂದು ಓಡಿದೆ. ನಾನು ಮೊದಲು ಹಿಡಿದದ್ದು ಬೈಕಿನ ಹ್ಯಾಂಡಲ್, ಅವನ ಕೈಯಲ್ಲ. ಅಷ್ಟರಲ್ಲಿ ನೀನು ದಿಬ್ಬದ ಮೇಲಿಂದ ಹಾರಿ ಬಂದೆ. ನಾನು ಪಕ್ಕಕ್ಕೆ ಜಿಗಿದೆ. ಅವನಿಗೆ ಜಿಗಿಯಲು ಆಗಲಿಲ್ಲ.

ಅವನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ನೀನು ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದೆ.

"ಅಣ್ಣಾ, ನೀವು ಬಾವುಟ ಬೀಸಿದ್ರಾ?"

ಸುತ್ತ ಜನ ಸೇರಿದ್ದರು. ಟೈರಿನ ಸಂದಿಯಲ್ಲಿ ಆ ಬಾವುಟ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಬೀಸಿದ್ದೆ ಮಾರಾಯ. ನಿನ್ ಕಣ್ಣೆಲ್ಲಿತ್ತು?"

ಅಷ್ಟೇ. ಅಷ್ಟು ಸಾಕಾಯಿತು. ಅಲ್ಲಿ ಅಷ್ಟೊಂದು ಮೊಬೈಲುಗಳಿದ್ದವು, ಒಂದೂ ನಾನು ಬಾವುಟ ಹಿಡಿದು ನಿಂತಿದ್ದ ಕಡೆಗೆ ತಿರುಗಿರಲಿಲ್ಲ; ಬೀಸಿದ ಮೇಲೆಯೇ ಓಡಿದೆನೆಂದು ನಂಬಿದರು. ಬಾವುಟದವನನ್ನು ಯಾರು ನೋಡುತ್ತಾರೆ? ಹಳದಿ ಬೀಸಿದರೂ ನುಗ್ಗಿದವನು ಎಂದು ನಿನ್ನನ್ನು ರೇಸಿನಿಂದ ಹೊರಗಿಟ್ಟರು. ನೀನು ಬೈಕು ಮಾರಿದೆ, ಭದ್ರಾವತಿಯಲ್ಲಿ ಗ್ಯಾರೇಜು ಸೇರಿದೆ ಎಂದು ಯಾರೋ ಹೇಳಿದರು. ಸದ್ಯ, ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಇತ್ತ ನಾನು ವರ್ಷ ಕಳೆದಂತೆ ಹಿರಿಯ ಮಾರ್ಷಲ್ ಆದೆ. ಹೊಸಬರಿಗೆ ಪಾಠ ಹೇಳುವವನಾದೆ. ಯಾರಾದರೂ ಆ ಅಪಘಾತದ ಸುದ್ದಿ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ, ಆಮೇಲೆ ಎಲ್ಲರಿಗಿಂತ ಜೋರಾಗಿ ನಾನೇ ಶಿಸ್ತಿನ ಮಾತಾಡುತ್ತಿದ್ದೆ.

ಹೋದ ಭಾನುವಾರ ಆಲ್ಕೊಳದ ಸಭಾಭವನದಲ್ಲಿ ತರಬೇತಿಗೆ ನೀನು ಬಂದೆ — ಮಾರ್ಷಲ್ ಆಗುತ್ತೇನೆ ಎಂದು. ಪರಿಚಯ ಹೇಳಿಕೊಳ್ಳುವ ಸರದಿ ಬಂದಾಗ ನೀನು ಎದ್ದು ನಿಂತೆ.

"ನಾನು ಹಳದಿ ಬಾವುಟ ನೋಡ್ದೆ ಹೋಗಿ ಒಬ್ರ ಕಾಲು ಮುರಿದೋನು. ಅಣ್ಣ ಬೀಸಿದ್ರು, ನಂಗೇ ಕಾಣ್ಲಿಲ್ಲ. ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ ಹೋದೆ. ಕಣ್ಣಲ್ಲಿ ಏನೂ ಇಲ್ಲಪ್ಪ, ಸರಿಯಾಗೇ ಇದೆ ಅಂದ್ರು. ಮತ್ತೆ ಯಾಕೆ ಕಾಣ್ಲಿಲ್ಲ ಅಂತ ಇವತ್ತಿಗೂ ಗೊತ್ತಾಗ್ತಿಲ್ಲ. ಅದಕ್ಕೇ ಹೇಳ್ತೀನಿ, ನೀವೆಲ್ಲ ಜೋರಾಗಿ ಬೀಸಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಕೈಗಳಿಗೆ ಏನು ಹೇಳಲಿ —

ಸೆಲ್ವ, ನಿನ್ನ ಮೇಲೂ ಸಿಟ್ಟು ಬರುತ್ತದೆ. ಯಾಕಪ್ಪ ನನ್ನನ್ನು ನಂಬಿದೆ? ನನ್ನ ಕೊರಳಪಟ್ಟಿ ಹಿಡಿದು ಒಂದು ಸಲ ಜಗಳವಾಡಬಾರದಿತ್ತೇ? ಹೋಗಿ ಹೋಗಿ ನಿನ್ನ ಕಣ್ಣನ್ನೇ ಅನುಮಾನಿಸಿದೆಯಲ್ಲ! ನಾನು ನಿನ್ನಿಂದ ಕಿತ್ತುಕೊಂಡದ್ದು ಬರೀ ರೇಸು ಎಂದು ಇಷ್ಟು ವರ್ಷ ತಿಳಿದಿದ್ದೆ. ಅದಕ್ಕೇ ನಿದ್ದೆ ಬರುತ್ತಿತ್ತು.

ನಿನ್ನೆ ನವೀನನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಈಗಲೂ ಸ್ವಲ್ಪ ಕುಂಟುತ್ತಾನೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಸೆಲ್ವ ಕ್ಷಮೆ ಕೇಳೋಕೆ ಬಂದಾಗ ಮನೆ ಒಳಗೂ ಸೇರಿಸ್ಲಿಲ್ಲ ನಾನು," ಎಂದ. ನನ್ನನ್ನು ಬಾಗಿಲವರೆಗೆ ಕಳಿಸಲು ಏಳಲಿಲ್ಲ.

ಬರುವ ಭಾನುವಾರ ಅದೇ ಸಭಾಭವನದಲ್ಲಿ ಮತ್ತೆ ತರಬೇತಿಯಿದೆ. ಪಾಠ ಹೇಳಲು ನಾನು ಬರುತ್ತಿಲ್ಲ. ಆ ಕೆಲಸ ಬಿಟ್ಟೆ. ನಿನ್ನ ಎದುರು ನಿಲ್ಲಲು ಬರುತ್ತೇನೆ. ನವೀನನೂ ಬರುತ್ತೇನೆ ಎಂದಿದ್ದಾನೆ. ಅಂದು ಕೇಳಿದ್ದನ್ನೇ ಅಷ್ಟು ಜನರ ಮುಂದೆ ಇನ್ನೊಮ್ಮೆ ಕೇಳು. ನಾನು ಇಲ್ಲ ಎನ್ನುತ್ತೇನೆ.

ನಿನ್ನ ಕಣ್ಣು ಸರಿಯಾಗಿಯೇ ಇತ್ತು, ಸೆಲ್ವ. ಅಲ್ಲಿ ಕಾಣಲು ಏನೂ ಇರಲಿಲ್ಲ.