ದುರ್ಗಪ್ಪನ ಬ್ರೇಕು

ಭಾನುವಾರ ಬೆಳಿಗ್ಗೆ ಚಹಾ ಇನ್ನೂ ಗಂಟಲಿನಿಂದ ಇಳಿದಿರಲಿಲ್ಲ, ದುರ್ಗಪ್ಪನ ಫೋನು ಬಂತು.

"ಬೀರಪ್ಪಾ, ಈಗಿಂದೀಗ ಮನೀಗಿ ಬಾ. ಹೊಸಾ ಕಾರಿನ ಬ್ರೇಕ್ ಸರಿ ಇಲ್ಲ. ಇಟ್ಕೊಳ್ಳೂದೋ ವಾಪಸ್ ಕೊಡೂದೋ ನಾಳಿ ಹೇಳಬೇಕು. ನನಗ ಏನೂ ತಿಳೀವಲ್ತು."

ನಾನು ಬೈಲಹೊಂಗಲದ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರನಾಗಿದ್ದವನು. ಸೈಕಲ್ ಬಿಟ್ಟರೆ ಬೇರೇನೂ ನಡೆಸಲು ಬಾರದವನು. ಇಂಥವನನ್ನು ಕಾರಿನ ವಿಷಯ ಕೇಳುತ್ತಾನೆಂದರೆ ದುರ್ಗಪ್ಪನಿಗೆ ದಿಕ್ಕೇ ತೋಚದಂತಾಗಿದೆ ಎಂದು ಅರ್ಥ. ಅದೂ ಡ್ರೈವರ್ ದುರ್ಗಪ್ಪನಿಗೆ! ಯಾವ ಮೆಕ್ಯಾನಿಕ್ಕಿನ ಮಾತನ್ನೂ ನಂಬದೆ, ಇಂಜಿನ್ನಿನ ಸದ್ದು ಕೇಳಿಯೇ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ ಮನುಷ್ಯ ಅವನು. ಒಳಗೆಲ್ಲೋ ಕಳವಳವಾಯಿತು. ಅರ್ಧ ಕಪ್ಪು ಅಲ್ಲೇ ಬಿಟ್ಟು ಹೊರಟೆ.

ಅವನ ಬಗ್ಗೆ ಎರಡು ಮಾತು ಹೇಳಬೇಕು. ದುರ್ಗಪ್ಪನ ಅಜ್ಜ ಚಚಡಿಯ ಜಮೀನ್ದಾರರ ವಾಡೆಯ ಎತ್ತಿನ ಬಂಡಿ ಹೊಡೆಯುತ್ತಿದ್ದರಂತೆ. ಅಪ್ಪ ಇನ್ನೊಬ್ಬರ ಟ್ರ್ಯಾಕ್ಟರು ಹೊಡೆದರು. ಇವನು ಸರ್ಕಾರದ ಬಸ್ಸು ಹೊಡೆದ. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಮತ್ತೆ ತಿರುಗಿ ಬೈಲಹೊಂಗಲ, ಹೀಗೆ ಮೂವತ್ತೊಂದು ವರ್ಷ. ಅಷ್ಟೂ ವರ್ಷಗಳಲ್ಲಿ ಒಂದು ನಾಯಿಗೂ ಗಾಲಿ ತಾಗಿಸಲಿಲ್ಲ. ಅದಕ್ಕೆ ಕೊಟ್ಟ ಬೆಳ್ಳಿಯ ಪದಕವನ್ನು ಹೆಂಡತಿ ಕೃಷ್ಣವ್ವ ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ. ಕೊನೆಯ ಹನ್ನೊಂದು ವರ್ಷ ಅವನ ಬಸ್ಸಿಗೆ ನಾನೇ ಕಂಡಕ್ಟರು. ಹೋದ ವರ್ಷ ಇಬ್ಬರೂ ಎರಡು ತಿಂಗಳ ಅಂತರದಲ್ಲಿ ನಿವೃತ್ತರಾದೆವು.

ಅವನಿಗೊಂದು ಪದ್ಧತಿ ಇತ್ತು. ಸೀಟು ಏರುವ ಮೊದಲು ಚಪ್ಪಲಿ ಬಿಡುತ್ತಿದ್ದ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ, ಬರಿಗಾಲಲ್ಲೇ ಬಸ್ಸು ನಡೆಸುತ್ತಿದ್ದ. ಮೇಲಿನವರು ಬೂಟು ಕೊಟ್ಟರೂ ಹಾಕಲಿಲ್ಲ. "ಪೆಡಲ್ ಏನ್ ಹೇಳತೈತಿ ಅಂತ ಅಂಗಾಲಿಗಿ ಗೊತ್ತಾಗಬೇಕಲೇ" ಅನ್ನುತ್ತಿದ್ದ. ಆ ಅಂಗಾಲಿನ ಮೇಲೆ ನನಗೂ ಎಷ್ಟು ಭರವಸೆ ಇತ್ತೆಂದರೆ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟು ಹರಿಯುತ್ತಿದ್ದೆ.

ಮೂರು ತಲೆಮಾರು ಮಂದಿಯ ಗಾಡಿ ಹೊಡೆದ ಮನೆಗೆ ಸ್ವಂತದ್ದೊಂದು ಗಾಡಿ ಬಂದದ್ದು ಹೋದ ಬುಧವಾರ. ಬಿಳಿ ಬಣ್ಣದ ಸಣ್ಣ ಕಾರು. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಪೂಜೆಯಾಯಿತು. ಕೃಷ್ಣವ್ವ ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಮಗಳು ಪ್ರಜ್ಞಾ ಸ್ಟೇರಿಂಗಿನ ಮುಂದೆ ಪುಟ್ಟ ಬುದ್ಧನನ್ನು ಕೂರಿಸಿದಳು. ಪ್ರಜ್ಞಾ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಏಳು ವರ್ಷದ ಮಗಳು ಐಶ್ವರ್ಯಾಳ ಜೊತೆ ತವರಿನಲ್ಲೇ ಇದ್ದಾಳೆ. ಮೊಮ್ಮಗಳನ್ನು ದಿನಾ ಶಾಲೆಗೆ ಬಿಡುವುದು ಇನ್ನು ತನ್ನ ಡ್ಯೂಟಿ ಎಂದು ದುರ್ಗಪ್ಪ ಓಣಿಗೆಲ್ಲ ಸಾರಿದ್ದ. ಪ್ರಜ್ಞಾಳಿಗೂ ಲೈಸನ್ಸು ಇದೆ, ಎಂಟು ವರ್ಷದಿಂದ ಇದೆ. ಆದರೆ ಅಪ್ಪ ಅವಳನ್ನು ಸ್ಟೇರಿಂಗಿನ ಹತ್ತಿರ ಬಿಟ್ಟವನಲ್ಲ.

ಗುರುವಾರ ಎಲ್ಲರೂ ಕೃಷ್ಣವ್ವನ ತವರು ಕಟಕೋಳಕ್ಕೆ ಹೋಗಿ ಬರುತ್ತಿದ್ದರು. ಮುರಗೋಡ ದಾಟಿದ ಮೇಲೆ ಮುಂದೊಂದು ಕಬ್ಬಿನ ಟ್ರ್ಯಾಕ್ಟರು ಇತ್ತು, ಅದರ ಬೆನ್ನಿಗೆ ಎರಡು ಟ್ರೇಲರು. ಅದು ಗಕ್ಕನೆ ನಿಂತಿತು. ದುರ್ಗಪ್ಪ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ. ಕೊನೆಗೆ ನಿಂತಾಗ ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ತುದಿಗಳು ಮುಂದಿನ ಗಾಜಿಗೆ ಗೇಣು ದೂರದಲ್ಲಿದ್ದವು. ಹಿಂದೆ ಕೂತಿದ್ದ ಐಶ್ವರ್ಯಾಳ ಬಾಯಿ ಮುಂದಿನ ಸೀಟಿಗೆ ಬಡಿದು ತುಟಿ ಒಡೆಯಿತು.

ಮರುದಿನವೇ ಬೆಳಗಾವಿಯ ಶೋರೂಮಿಗೆ ಒಯ್ದ. ಅವರು ಎರಡು ಸಲ ಪರೀಕ್ಷೆ ಮಾಡಿ ಬ್ರೇಕು ಚೆನ್ನಾಗಿದೆ ಎಂದರು. ಇವನು ಅಲ್ಲಿನ ಮೆಕ್ಯಾನಿಕ್ಕನನ್ನು ಎಲ್ಲರೆದುರಿಗೆ ಬೈದ. ಮ್ಯಾನೇಜರು ಅಜಿತ ಅನ್ನುವವನು ತಾಳ್ಮೆಯವನು. "ಕಾಕಾರ, ಗಾಡಿಗಿ ಕಾಯಂ ನಂಬರ್ ಬರೂದ್ರಾಗ ಹೇಳ್ರಿ, ಬ್ಯಾರೆ ಗಾಡಿ ಕೊಡೂಣು, ಇಲ್ಲಾಂದ್ರ ವಾಪಸ್ ತಗೊಳ್ಳೂಣು. ಸೋಮವಾರ ಕಡೀದು" ಎಂದು ಕಳಿಸಿದ್ದ.

ನಾನು ಹೋದಾಗ ಕೃಷ್ಣವ್ವ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಬೀರಪ್ಪಣ್ಣ. ಆ ಗಾಡಿ ನಮಗ ಬ್ಯಾಡಂತ ಹೇಳ್ರಿ ಇವರಿಗಿ. ಗುರುವಾರದಿಂದ ನನ್ನ ಎದಿ ಹೊಡಕೊಳ್ಳೂದ ನಿಂತಿಲ್ಲ. ಯಾರದೋ ಕಣ್ಣು ಬಿದ್ದೈತಿ."

ಪ್ರಜ್ಞಾ ಒಳಗಿನಿಂದಲೇ ಹೇಳಿದಳು: "ಕಾಕಾ, ಬ್ಯಾರೆ ಯಾರರೆ ಒಂದ್ ರೌಂಡ್ ಹೊಡದ್ ನೋಡ್ಲಿ ಅಂದೆ. ಅದಕ್ಕೂ ಒಪ್ಪವಲ್ರು."

"ನನ್ನ ಗಾಡಿ ಬ್ಯಾರೆಯವ್ರು ನೋಡೂದೇನೈತಿ!" ದುರ್ಗಪ್ಪ ಗುಡುಗಿದ. ಆ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಹನ್ನೊಂದು ವರ್ಷ ಅವನ ಬೆನ್ನ ಹಿಂದೆ ನಿಂತವನು ನಾನು, ದನಿ ಗುರುತಿಸುವುದು ನನಗೆ ಕಷ್ಟವಲ್ಲ. ದುರ್ಗಪ್ಪ ಹೆದರಿದ್ದ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ನನ್ನ ಬ್ರೇಕು ನಿನ್ನಷ್ಟ ಗೊತ್ತಿದ್ದಾವ ಇನ್ನೊಬ್ಬಿಲ್ಲ. ಹಿಂದ ಕುಂದ್ರು. ಮದಲಿನಂಗ ಹೋಲ್ಡಾನ್ ಅನ್ನು, ನಾ ಒತ್ತತೇನಿ. ತಪ್ಪು ಗಾಡೀದೋ ಏನೋ, ನೀ ಹೇಳು."

ಹೊರಡುವ ಮೊದಲು ಕೃಷ್ಣವ್ವ ಕಾರಿಗೆ ದೃಷ್ಟಿ ತೆಗೆದು ಅಂಗಳದ ಕಲ್ಲಿಗೆ ತೆಂಗಿನಕಾಯಿ ಅಪ್ಪಳಿಸಿದಳು. ಚೂರುಗಳು ಅಂಗಳವಿಡೀ ಚದುರಿದವು. ನಾನು ಚಪ್ಪಲಿ ಮೆಟ್ಟಿದ್ದರೂ ನೋಡಿಕೊಂಡು ಕಾಲಿಟ್ಟೆ. ದುರ್ಗಪ್ಪ ಎಂದಿನಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಷ್ಟೂ ಚೂರುಗಳ ಮೇಲೆ ನಡೆದು ಹೋಗಿ ಸೀಟಿನಲ್ಲಿ ಕೂತ.

ಸಂಪಗಾಂವದ ರಸ್ತೆ ಖಾಲಿಯಿತ್ತು. ಎರಡೂ ಕಡೆ ಕಡಲೆಯ ಹೊಲ. ನಾನು ಹಿಂದಿನ ಸೀಟಿನ ನಡುವೆ ಕೂತು, ಮುಂದಿನ ಎರಡು ಸೀಟುಗಳ ಸಂದಿಯಿಂದ ಅವನ ಕಾಲನ್ನೇ ನೋಡುತ್ತಿದ್ದೆ.

"ಹೋಲ್ಡಾನ್!" ಎಂದೆ. ಕಾರು ಗಪ್ಪನೆ ನಿಂತಿತು. ಏನೂ ತಪ್ಪಿಲ್ಲ.

ಒಂದು ಮೈಲು ಹೋದ ಮೇಲೆ ಮತ್ತೆ ಅಂದೆ. ಈ ಸಲ ಅವನ ಕಾಲು ಆಕ್ಸಿಲರೇಟರನ್ನು ಬಿಟ್ಟಿತು, ಆದರೆ ಬ್ರೇಕಿಗೆ ಬರಲಿಲ್ಲ. ಕತ್ತಲಲ್ಲಿ ಕೈ ಕಡ್ಡಿಪೆಟ್ಟಿಗೆ ತಡಕುವ ಹಾಗೆ ಆ ಕಾಲು ಪೆಡಲನ್ನು ಹುಡುಕಿತು. ಅಂಚಿಗೆ ತಾಗಿ ಜಾರಿತು, ಮತ್ತೆ ಹುಡುಕಿತು, ಆಮೇಲೆ ಒತ್ತಿತು. ಒತ್ತಿದ ಕೂಡಲೇ ಕಾರು ನಿಂತಿತು.

"ನೋಡಿದಿಲ್ಲೋ? ಪೆಡಲ್ ಹೆಂಗ ಮೆತ್ತಗ ಆತು ನೋಡಿದಿಲ್ಲೋ?" ಅಂದ. ದನಿಯಲ್ಲಿ ಗೆದ್ದವನ ಸಂತೋಷ.

ಕಣ್ಣು ತಪ್ಪಿರಬಹುದು ಎಂದುಕೊಂಡು ಮೂರನೇ ಸಲ ಕೂಗಿದೆ. ಅದೇ ಆಯಿತು. ಈ ಸಲ ಕಾರು ರಸ್ತೆ ಬಿಟ್ಟು ಜಾಲಿಗಿಡದ ಬುಡಕ್ಕೆ ಹೋಗಿ ನಿಂತಿತು. ಇಂಜಿನ್ನು ಬಂದಾಯಿತು. ತಪ್ಪು ಗಾಡಿಯದಲ್ಲ, ಕಾಲಿನದು. ಇವನಿಗೆ ಹೇಗೆ ಹೇಳಲಿ? ಹೇಳದಿದ್ದರೆ ನಾಳೆ ಇದೇ ಸೀಟಿನಲ್ಲಿ ಐಶ್ವರ್ಯಾ ಕೂರುತ್ತಾಳೆ.

ಆಗ ಕಂಡಿತು. ಬ್ರೇಕಿನ ಪೆಡಲಿನ ಮೇಲೆ ರಕ್ತ. ಕೆಳಗಿನ ಹೊಸ ಮ್ಯಾಟಿನ ಮೇಲೂ ರಕ್ತ.

"ದುರ್ಗ್ಯಾ, ನಿನ್ನ ಕಾಲಾಗ ಏನೋ ನಟ್ಟೈತಿ."

"ಎಲ್ಲಿ?"

"ಬಲಗಾಲು. ಎತ್ತು, ನೋಡ್ಕೋ."

ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅಂಗಾಲಿನ ನಡುವೆ ತೆಂಗಿನ ಚಿಪ್ಪಿನ ಚೂರೊಂದು, ಹೆಬ್ಬೆರಳಿನ ಉಗುರಿನಷ್ಟು ಅಗಲದ್ದು, ಚರ್ಮ ಸೀಳಿ ಒಳಗೆ ಹೋಗಿತ್ತು. ಪ್ರತಿ ಸಲ ಬ್ರೇಕು ಒತ್ತಿದಾಗಲೂ ಇನ್ನಷ್ಟು ಒಳಗೆ ಇಳಿದಿತ್ತು. ಅವನು ಅದನ್ನು ಬೇರೆ ಯಾರದೋ ಕಾಲು ನೋಡುವವನಂತೆ ನೋಡಿದ. ಎರಡು ಬೆರಳಿನಿಂದ ಹಿಡಿದು ಎಳೆದ. ಮುಖ ಒಂದಿಷ್ಟೂ ಕಿವುಚಲಿಲ್ಲ.

"ನೋವು ಇಲ್ಲೇನೋ?"

ಅವನು ಇಲ್ಲವೆಂದು ತಲೆಯಾಡಿಸಿದ.

ಸಕ್ಕರೆ ಕಾಯಿಲೆ ಅವನಿಗೆ ಹದಿನೈದು ವರ್ಷದಿಂದ ಇದೆ. ಅದು ಕಾಲಿನ ಸ್ಪರ್ಶವನ್ನೇ ತಿಂದುಹಾಕುತ್ತದೆಂದು ಕೇಳಿದ್ದೆ. ಗುಳಿಗೆ ನುಂಗುವುದನ್ನು ಡಿಪೋದಲ್ಲಿ ನನಗೊಬ್ಬನಿಗೇ ತೋರಿಸಿದ್ದ. ಡ್ರೈವರುಗಳಿಗೆ ಭೂತ ಪಿಶಾಚಿಗಳ ಭಯ ಇರುವುದಿಲ್ಲ, ಇರುವುದು 'ಅನ್‌ಫಿಟ್' ಅನ್ನುವ ಒಂದೇ ಮಾತಿನ ಭಯ. ಕಣ್ಣಿನ ಪರೀಕ್ಷೆ ಹತ್ತಿರ ಬಂತೆಂದರೆ ಕಣ್ಣಿಗೆ ಒಳ್ಳೆಯದೆಂದು ಗಜ್ಜರಿ ತಿನ್ನುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಅಂಗಾಲು ಪರೀಕ್ಷಿಸಿದ್ದನ್ನು ಮಾತ್ರ ನಾನೊಮ್ಮೆಯೂ ಕಂಡಿಲ್ಲ.

"ಯಾವಾಗಿಂದ ಹಿಂಗ?" ಕೇಳಿದೆ.

"ಗೊತ್ತಿಲ್ಲ."

"ಬಸ್ ಹೊಡಿಯೂವಾಗ?"

"ಗೊತ್ತಿಲ್ಲೋ ಬೀರಪ್ಪಾ, ದೇವರಾಣಿ ಗೊತ್ತಿಲ್ಲ. ಜೋಮು ಹಿಡಿತಿತ್ತು. ಕುಂತು ಕುಂತು ಹಿಂಗಾಗೇತಿ ಅನ್ಕೊಂಡೆ."

ಸವದತ್ತಿಯ ಇಳುಕಲು ಕಣ್ಣಮುಂದೆ ಬಂತು. ಹುಣ್ಣಿಮೆಯ ದಿನ ಎಲ್ಲಮ್ಮನ ಗುಡ್ಡದಿಂದ ಇಳಿಯುವ ತುಂಬಿದ ಬಸ್ಸು, ಮಡಿಲಲ್ಲಿ ಕೂಸು ಮಲಗಿಸಿಕೊಂಡ ಹೆಂಗಸರು, ಅವರ ನಡುವೆ ಕಂಬಿ ಹಿಡಿಯದೆ ನಿಂತ ನಾನು. ಕೆಳಗೆ, ಬ್ರೇಕಿನ ಮೇಲೆ, ಈ ಕಾಲು. ಸಿಟ್ಟು ಬಂತು, ಬೈಯಬೇಕೆಂದುಕೊಂಡೆ. ಅವನ ಮುಖ ನೋಡಿದ ಮೇಲೆ ಬೈಗುಳ ನಾಲಿಗೆಗೆ ಬರಲಿಲ್ಲ. ಅವನೂ ಅದೇ ಇಳುಕಲನ್ನು ಇಳಿಯುತ್ತಿದ್ದ.

ಆಮೇಲೆ ನನ್ನ ಕೈ ಹಿಡಿದುಕೊಂಡ. "ಯಾರ ಮುಂದೂ ಹೇಳಬ್ಯಾಡ. ನಾಳಿ ಗಾಡಿ ವಾಪಸ್ ಕೊಟ್ಟಬಿಡತೇನಿ. ಬ್ರೇಕ್ ಸರಿ ಇದ್ದಿಲ್ಲ, ಬಿಟ್ಟೆ ಅಂದ್ರಾತು. ಯಾರೂ ಏನೂ ಕೇಳಂಗಿಲ್ಲ."

ದಾರಿ ಸುಲಭವಾಗಿತ್ತು. ಮ್ಯಾನೇಜರು ಒಪ್ಪಿದ್ದಾನೆ, ಹೆಂಡತಿಗೆ ಗಾಡಿ ಬೇಡ, ಓಣಿಯವರು ಕಂಪನಿಯನ್ನು ಬೈಯುತ್ತಾರೆ. ಜಗಲಿಯ ಮೇಲಿನ ಪದಕ ಅಲ್ಲೇ ಇರುತ್ತದೆ. ಹ್ಞೂಂ ಅಂದುಬಿಡೋಣವೆಂದು ನನ್ನ ಬಾಯಿಗೂ ಬಂದಿತ್ತು. ಆದರೆ ಆ ಮನುಷ್ಯ ನನಗೆ ಗೊತ್ತು. ಎರಡು ತಿಂಗಳು ಸುಮ್ಮನಿರುತ್ತಾನೆ, ಆಮೇಲೆ ಯಾರದಾದರೂ ಮದುವೆಗೆ ಡ್ರೈವರು ಇಲ್ಲ ಎಂದರೆ ಸಾಕು, ಕೀಲಿ ಕೊಡಿ ಎಂದು ನಿಲ್ಲುತ್ತಾನೆ.

"ನಾ ಹೇಳಂಗಿಲ್ಲ" ಅಂದೆ. "ಆದ್ರ ಐಶ್ವರ್ಯಾನ ತುಟಿ ಯಾಕ ಒಡೀತು ಅಂತ ಆ ಕೂಸು ಕೇಳಿದ್ರ ನೀನ ಹೇಳು. ಆ ಮೆಕ್ಯಾನಿಕ್ಕಗ ಯಾಕ ಬೈದಿ ಅಂತ ಅದನ್ನೂ ನೀನ ಹೇಳು."

ಅವನು ನನ್ನ ಕೈ ಬಿಟ್ಟ. ಅಂಗಾಲಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ನಾನು ಟವೆಲು ಹರಿದು ಕಟ್ಟಿದೆ. ಬಿಗಿಯಾಯಿತೇ ಎಂದು ಕೇಳಿದೆ, ಕೇಳಿದ ಮೇಲೆ ನಾಚಿಕೆಯಾಯಿತು.

ಕೊನೆಗೆ ಅವನೇ ಫೋನು ತೆಗೆದು ಅಜಿತನಿಗೆ ಹಚ್ಚಿದ.

"ಹೇಳ್ರಿ ಕಾಕಾರ, ಬ್ಯಾರೆ ಗಾಡಿ ಕಳಸ್ಲಿ? ಅದ ಬಣ್ಣದ್ದ ಐತಿ" ಎಂದ ಆ ಕಡೆಯಿಂದ.

"ಬ್ಯಾಡಪಾ. ನೀ ಹತ್ತ್ ಗಾಡಿ ಕಳಿಸಿದ್ರೂ ನನ್ನ ಕಾಲಾಗ ಬ್ರೇಕ್ ಹಿಂಗ ಇರತೈತಿ."

"ತಿಳೀಲಿಲ್ರಿ?"

"ಗಾಡಿ ಛಲೋ ಐತಿ. ಇಟ್ಕೋತೇವಿ. ಆ ಮೆಕ್ಯಾನಿಕ್ ಹುಡುಗಗ ಹೇಳು, ದುರ್ಗಪ್ಪನ ಕಾಲು ಅನ್‌ಫಿಟ್ ಇತ್ತು, ನಿಂದೇನೂ ತಪ್ಪಿಲ್ಲಂತ."

ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹೇಳಿ ಮುಗಿಸಿ ಕಣ್ಣೀರು ಒರೆಸಿಕೊಂಡ, ನನ್ನಿಂದ ಮುಚ್ಚಿಡಲಿಲ್ಲ. ಆಮೇಲೆ ಮಗಳಿಗೆ ಫೋನು ಹಚ್ಚಿ, "ಪ್ರಜ್ಞಾ, ಲೈಸನ್ಸ್ ತಗೊಂಡು ಸಂಪಗಾಂವ ಬಸ್ ಹತ್ತು. ಹಾದ್ಯಾಗ ಅದೇವಿ" ಎಂದಷ್ಟೇ ಹೇಳಿದ.

ಮುಕ್ಕಾಲು ಗಂಟೆಯ ಮೇಲೆ ನಮ್ಮದೇ ಡಿಪೋದ ಬಸ್ಸು ಬಂದು ನಿಂತಿತು. ಪ್ರಜ್ಞಾ ಇಳಿದಳು. ಬಾಗಿಲಲ್ಲಿದ್ದ ಕಂಡಕ್ಟರು ನಮ್ಮನ್ನು ನೋಡಿ ಕೈ ಮುಗಿದು "ರೈಟ್, ರೈಟ್" ಎಂದ. ಬಸ್ಸು ಹೋಯಿತು. ದುರ್ಗಪ್ಪ ಅದು ಕಣ್ಮರೆಯಾಗುವವರೆಗೂ ನೋಡಿದ.

ಅವಳು ಅಪ್ಪನ ಕಾಲಿನ ಕಟ್ಟು ನೋಡಿದಳು, ಪೆಡಲು ನೋಡಿದಳು, ನನ್ನ ಮುಖ ನೋಡಿದಳು. ವಿಜ್ಞಾನದ ಟೀಚರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಮದಲ ದವಾಖಾನಿಗಿ ಹೋಗೂಣು ನಡೀರಿ ಅಪ್ಪಾ" ಅಂದಳು. ಒದ್ದೆ ಕರವಸ್ತ್ರದಿಂದ ಪೆಡಲು ಒರೆಸಿದಳು. ದುರ್ಗಪ್ಪ ಬಾನೆಟ್ಟು ಹಿಡಿದುಕೊಂಡು ಕುಂಟುತ್ತ ಕಾರಿನ ಆ ಕಡೆಗೆ ಹೋದ. ಎಡಗಡೆಯ ಬಾಗಿಲು ಯಾವ ಕಡೆಗೆ ಎಳೆಯಬೇಕೆಂದು ಅವನಿಗೆ ಕ್ಷಣ ತಿಳಿಯಲಿಲ್ಲ. ಕೂತ. ಬೆಲ್ಟು ಹಾಕಿಕೊಂಡ. ನಾನು ಹಿಂದೆ ಕೂತೆ.

ಪ್ರಜ್ಞಾ ಚಪ್ಪಲಿ ಬಿಡಲು ಹೋದಳು.

"ಬ್ಯಾಡ. ಹಾಕ್ಕೊಂಡ ಹೊಡಿ" ಎಂದ.

ಅವಳು ಇಂಜಿನ್ನು ಶುರು ಮಾಡಿದಳು. ಗೇರು ಹಾಕಿ, ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ, ಸ್ಟೇರಿಂಗು ಬಿಗಿಯಾಗಿ ಹಿಡಿದು ಹಾಗೇ ಕೂತಳು. ಅವಳ ಬೆರಳುಗಳು ಬೆಳ್ಳಗಾಗಿದ್ದವು. ಅಪ್ಪನ ಮಾತಿಲ್ಲದೆ ಅವಳಿಗೆ ಹೊರಡಲು ಧೈರ್ಯವಿಲ್ಲ ಎಂದು ನನಗೆ ಗೊತ್ತಾಯಿತು. ಬಾಯಿ ತೆರೆದೆ. ಮೂವತ್ತು ವರ್ಷ ಆ ಮಾತು ಹೇಳುವುದೇ ನನ್ನ ಕೆಲಸವಾಗಿತ್ತು. ಆದರೆ ದುರ್ಗಪ್ಪ ಹಿಂದಕ್ಕೆ ಕೈ ಚಾಚಿ ನನ್ನ ಮೊಣಕಾಲು ಒತ್ತಿ ತಡೆದ.

ಎಡಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ, ಮುಂದೆ ನೋಡಿದ. ಮಗಳ ಕಡೆಗೆ ತಿರುಗಿ, ಮೂವತ್ತೊಂದು ವರ್ಷ ನಮ್ಮಂಥವರ ಬಾಯಿಂದ ಕೇಳಿದ್ದ ಮಾತನ್ನು ಸಣ್ಣ ದನಿಯಲ್ಲಿ ತಾನೇ ಹೇಳಿದ.

"ರೈಟ್."